ಧಾರವಾಡದ ಬಾಲೂ ಮತ್ತು ಅವರ ತಮ್ಮಂದಿರು

ಭಾನುವಾರ ಬಲಿಪೂಜೆ ಮುಗಿಯುತ್ತಲೇ ನಮ್ಮ ಹೊಸಕೋಟೆ, ದೇವನಹಳ್ಳಿ ಕಡೆಯ ಹುಡುಗರು ಬ್ಯಾಟು ಹಿಡಿದು ಬಯಲಿಗೆ ಓಡುತ್ತಾರೆ. ಬಾಯಾರಿದರೆ ಎಲ್ಲರೂ ಒಂದೇ ಬಿಂದಿಗೆಯ ನೀರು ಕುಡಿಯುತ್ತಾರೆ. ಅದೇನು ದೊಡ್ಡ ಮಾತು ಎನ್ನಬೇಡಿ. ಭಾರತದ ಮೊದಲ ಶ್ರೇಷ್ಠ ಬೌಲರ್‌ಗೆ ಆ ಭಾಗ್ಯ ಇರಲಿಲ್ಲ.

ಅವರೇ ಬಾಲೂ ಪಲ್ವಣಕರ್. 1870ರ ದಶಕದಲ್ಲಿ ಧಾರವಾಡದಲ್ಲಿ, ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮ್ಮಾರ ಕುಟುಂಬದಲ್ಲಿ ಹುಟ್ಟಿದರು. ತಂದೆ ಸೈನ್ಯದ ಕೆಲಸದಲ್ಲಿದ್ದುದರಿಂದ ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಮೈದಾನ ಗುಡಿಸುವ ಕೆಲಸ, ತಿಂಗಳಿಗೆ 3 ರೂಪಾಯಿ ಸಂಬಳ. ಮುಂದೆ ಬಿಳಿಯರ ಕ್ಲಬ್ಬಿನಲ್ಲಿ 4 ರೂಪಾಯಿ. ಪಿಚ್ಚಿಗೆ ರೋಲರ್ ಎಳೆಯಬೇಕು, ಬಲೆ ಕಟ್ಟಬೇಕು, ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯಬೇಕು. ಗ್ರೇಗ್ ಎಂಬ ಹೆಸರಾಂತ ಆಟಗಾರರು ಇವರ ಎಡಗೈ ಸ್ಪಿನ್ ಎದುರಿಸಲೆಂದೇ ಉಳಿದವರಿಗಿಂತ ಮೊದಲು ಬರುತ್ತಿದ್ದರಂತೆ. ಆದರೆ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಬಾಲೂ ಅವರ ಕೈಗೆ ಬ್ಯಾಟು ಕೊಡಲಿಲ್ಲ!

ಬಿಳಿಯರನ್ನು ಸೋಲಿಸಬೇಕೆಂಬ ಆಸೆಯಿಂದ ಪುಣೆಯ ಹಿಂದೂ ತಂಡದವರು, ಸಾಕಷ್ಟು ಚರ್ಚೆಯ ನಂತರ, ಇವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಇವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ಹೊತ್ತಿಗೆ ಮಾತ್ರ ಉಳಿದವರು ಒಳಗೆ, ಬಾಲೂ ಹೊರಗೆ. ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಅವರಿಗೆ ಚಹಾ. ಜೊತೆಗೆ ಆಡುವವರು ಜೊತೆಗೆ ಕುಡಿಯಲಾರರೇ ಎಂದು ನ್ಯಾಯಮೂರ್ತಿ ರಾನಡೆಯವರು ಸಭೆಯೊಂದರಲ್ಲಿ ಕೇಳಿದರೆಂದು ಹೇಳುತ್ತಾರೆ. ಗೆಲುವುಗಳು ಬರತೊಡಗಿದ ಮೇಲೆ ಆ ಗೋಡೆ ಸ್ವಲ್ಪ ಸ್ವಲ್ಪವೇ ಕುಸಿಯಿತು. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಎಂಟು ವಿಕೆಟ್ ಬಾಲೂ ಅವರದು.

1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಇವರೂ ತಮ್ಮ ಶಿವರಾಂ ಅವರೂ ಇದ್ದರು. ನಮ್ಮ ಬೆಂಗಳೂರಿನ ಬಿ. ಜಯರಾಮ್ ಕೂಡ ಇದ್ದರು. ತಂಡ 23 ಪಂದ್ಯಗಳಲ್ಲಿ ಗೆದ್ದದ್ದು 6 ಮಾತ್ರ. ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು.

ಅಷ್ಟಾದರೂ ನಾಯಕತ್ವ ಮಾತ್ರ ಸಿಗಲಿಲ್ಲ. ಬಾಲೂ, ಶಿವರಾಂ, ಗಣಪತ್, ವಿಠ್ಠಲ್ ನಾಲ್ವರೂ ಹಿಂದೂ ತಂಡಕ್ಕೆ ಆಡಿದವರು. ಅಪರೂಪದ ಮನೆ ಅದು. 1920ರಲ್ಲಿ ಅಣ್ಣನನ್ನು ಬದಿಗೊತ್ತಿ ನಾಯಕತ್ವ ಬೇರೆಯವರಿಗೆ ಹೋದಾಗ ಶಿವರಾಂ, ವಿಠ್ಠಲ್ ಇಬ್ಬರೂ ಪ್ರತಿಭಟಿಸಿ ತಂಡ ಬಿಟ್ಟು ಹೊರಬಂದರು. ತಮ್ಮ ಸ್ಥಾನ ಉಳಿದರೆ ಸಾಕು ಎಂದು ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೊನೆಗೆ ಆಯ್ಕೆಗಾರರೇ ಬಗ್ಗಿ ಬಾಲೂ ಅವರನ್ನು ಉಪನಾಯಕರನ್ನಾಗಿ ಕರೆದರು. ಅಣ್ಣನಿಗೆ ಸಲ್ಲದ ಪಟ್ಟ 1923ರಲ್ಲಿ ಕಿರಿಯ ತಮ್ಮ ವಿಠ್ಠಲ್‌ಗೆ ಬಂತು. ಆ ವರ್ಷ ಯುರೋಪಿಯನ್ನರನ್ನು ಸೋಲಿಸಿದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಬಾಲೂ ಆಮೇಲೆ ರಾಜಕೀಯಕ್ಕೂ ಇಳಿದರು. ಅಂಬೇಡ್ಕರ್ ಅವರು ಯೌವನದಲ್ಲಿ ಇವರನ್ನು ಬಹಳ ಮೆಚ್ಚಿದ್ದವರು. 1937ರ ಚುನಾವಣೆಯಲ್ಲಿ ಅದೇ ಅಂಬೇಡ್ಕರ್ ವಿರುದ್ಧ ಕಾಂಗ್ರೆಸ್ಸಿನಿಂದ ನಿಂತು ಸುಮಾರು 2,000 ಮತಗಳಿಂದ ಸೋತರು. ಮಗ ವೈ. ಬಿ. ಪಲ್ವಣಕರ್ ಕೂಡ ಪ್ರಥಮ ದರ್ಜೆ ಕ್ರಿಕೆಟ್ ಆಡಿದರು. 1955ರ ಜುಲೈ 4ರಂದು ಬಾಲೂ ಮುಂಬಯಿಯಲ್ಲಿ ತೀರಿಕೊಂಡರು.