ತಲೆಸುತ್ತಿನ ಗುಟ್ಟನ್ನು ಕಿವಿಯಲ್ಲಿ ಹುಡುಕಿದ ಡಾ. ರಾಬರ್ಟ್ ಬಾರಾನಿ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಕೋಣೆಯೇ ಗಿರಗಿರನೆ ತಿರುಗಿದಂತಾಗುತ್ತದೆ. ಮನೆಯಲ್ಲಿ ಹಿರಿಯರು ಪಿತ್ತ ನೆತ್ತಿಗೇರಿದೆ ಎನ್ನುತ್ತಾರೆ. ಬಿಪಿ ಕಡಿಮೆಯಾಗಿದೆ, ಉಪ್ಪು ಹಾಕಿದ ನಿಂಬೆ ಶರಬತ್ತು ಕುಡಿದು ಅಲುಗಾಡದೆ ಮಲಗಿ ಎನ್ನುವ ಸಂದೇಶಗಳೂ ವಾಟ್ಸಾಪ್‌ನಲ್ಲಿ ಬರುತ್ತವೆ. ಆದರೆ ಇಂಥ ತಲೆಸುತ್ತಿಗೆ ಬಹಳ ಸಲ ಕಾರಣ ಇರುವುದು ಒಳಗಿವಿಯಲ್ಲಿ. ಅದನ್ನು ಪರೀಕ್ಷಿಸುವ ದಾರಿ ತೋರಿಸಿದ ವೈದ್ಯರ ಬದುಕನ್ನು ನಾವಿಲ್ಲಿ ನೋಡೋಣ.

ರಾಬರ್ಟ್ ಬಾರಾನಿ ಹುಟ್ಟಿದ್ದು 1876ರ ಏಪ್ರಿಲ್ 22ರಂದು, ವಿಯೆನ್ನಾದಲ್ಲಿ. ಚಿಕ್ಕಂದಿನಲ್ಲೇ ಮೂಳೆ ಕ್ಷಯ ತಗುಲಿ ಅವರ ಒಂದು ಮೊಣಕಾಲು ಶಾಶ್ವತವಾಗಿ ಬಿಗಿದುಕೊಂಡಿತು. ಆದರೂ ಟೆನಿಸ್ ಆಡುವುದನ್ನಾಗಲಿ, ಬೆಟ್ಟ ಹತ್ತುವುದನ್ನಾಗಲಿ ಅವರು ಬಿಡಲಿಲ್ಲ. 1900ರಲ್ಲಿ ವೈದ್ಯ ಪದವಿ ಪಡೆದು, ಮುಂದೆ ವಿಯೆನ್ನಾದ ಕಿವಿ ಚಿಕಿತ್ಸಾಲಯ ಸೇರಿದರು.

ಅಲ್ಲಿ ಕಿವಿಗೆ ನೀರು ಹಾಯಿಸಿ ತೊಳೆಯುವಾಗ ಹಲವರಿಗೆ ತಲೆ ಸುತ್ತುತ್ತಿತ್ತು. ನೀರು ತಣ್ಣಗಿದ್ದಾಗ ಮಾತ್ರ ಹೀಗಾಗುತ್ತದೆ ಎಂದು ಒಬ್ಬ ರೋಗಿ ದೂರಿದರು. ಹೆಚ್ಚು ಬಿಸಿ ನೀರು ಹಾಕಿದಾಗಲೂ ಸುತ್ತು ಬಂತು, ಆದರೆ ಕಣ್ಣುಗುಡ್ಡೆಗಳು ಉಲ್ಟಾ ದಿಕ್ಕಿಗೆ ಓಲಾಡಿದವು. ಬಾರಾನಿ ಅವರಿಗೆ ಹೊಳೆದದ್ದು ಇಷ್ಟು: ಬಿಸಿಯಾದ ದ್ರವ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿನ ದ್ರವ ಹೀಗೆ ಹರಿದಾಗ, ತಲೆ ನಿಶ್ಚಲವಾಗಿದ್ದರೂ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ. ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಮೊದಲ ಮಹಾಯುದ್ಧ ಶುರುವಾದಾಗ ಅವರು ಆಸ್ಟ್ರಿಯಾ ಸೇನೆಯ ಗಾಯಾಳುಗಳ ಸೇವೆಗೆ ಹೋದರು. 1915ರಲ್ಲಿ ಪ್ಶೆಮಿಶಲ್ ಕೋಟೆ ಬಿದ್ದು ರಷ್ಯನ್ನರ ಕೈಗೆ ಸೆರೆಸಿಕ್ಕರು. ಇದೇ ಯುದ್ಧದಲ್ಲಿ ಬ್ರಿಟಿಷರು ಸೆರೆಹಿಡಿದ ತುರ್ಕಿ ಸೈನಿಕರನ್ನು ನಮ್ಮ ಬಳ್ಳಾರಿಯಲ್ಲಿ ಇರಿಸಿದ್ದರು. ಬಾರಾನಿ ಅವರನ್ನು ಇಂದಿನ ತುರ್ಕಮೆನಿಸ್ತಾನದ ಮೆರ್ವ್‌ಗೆ ಸಾಗಿಸಲಾಯಿತು. ಅಲ್ಲಿ ಮಲೇರಿಯಾ ಕಾಡಿತು. 1914ರ ವೈದ್ಯಕೀಯ ನೊಬೆಲ್ ತಮಗೆ ಬಂದಿದೆ ಎಂಬ ಸುದ್ದಿ ಅವರಿಗೆ ತಲುಪಿದ್ದು ಕೈದಿಯಾಗಿದ್ದಾಗಲೇ. ರೆಡ್ ಕ್ರಾಸ್ ಪರವಾಗಿ ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯಪ್ರವೇಶಿಸಿದ ಮೇಲೆ 1916ರಲ್ಲಿ ಬಿಡುಗಡೆಯಾಯಿತು.

ಊರಿಗೆ ಮರಳಿದರೆ ಸಹೋದ್ಯೋಗಿಗಳಿಂದ ಸಿಕ್ಕಿದ್ದು ಆರೋಪ: ಇತರರ ಕೆಲಸವನ್ನು ಸರಿಯಾಗಿ ಹೆಸರಿಸಿಲ್ಲ ಎಂದು. ಬೇಸತ್ತು 1917ರಲ್ಲಿ ಸ್ವೀಡನ್ನಿನ ಉಪ್ಸಾಲಾಗೆ ಹೋದರು. ತಲೆ ಪಕ್ಕಕ್ಕೆ ಹೊರಳಿಸಿದಾಗ ಮಾತ್ರ ಬರುವ ತಲೆಸುತ್ತನ್ನು 1921ರಲ್ಲಿ ವಿವರಿಸಿದರು. 1936ರ ಏಪ್ರಿಲ್ 8ರಂದು, 60 ತುಂಬಲು ಎರಡು ವಾರವಿದ್ದಾಗ, ಅಲ್ಲೇ ತೀರಿಕೊಂಡರು.

ಹಾಗಾದರೆ ಅಲುಗಾಡದೆ ಮಲಗುವುದು ಸರಿಯೇ? ಮೊದಲ ಒಂದೆರಡು ದಿನದ ವಿಶ್ರಾಂತಿ ಬೇರೆ, ತಿಂಗಳುಗಟ್ಟಲೆ ಮಲಗುವುದು ಬೇರೆ. 1940ರ ದಶಕದಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ವ್ಯಾಯಾಮಗಳನ್ನೇ ರೂಪಿಸಿದರು. ಮೊದಲು ಕಣ್ಣು ಆಡಿಸುವುದು, ನಂತರ ತಲೆ, ಆಮೇಲೆ ಕುಳಿತು ಏಳುವುದು, ಚೆಂಡು ಎಸೆದು ಹಿಡಿಯುವುದು, ನಡೆಯುವುದು. ಆರಂಭದಲ್ಲಿ ಸ್ವಲ್ಪ ಸುತ್ತು ಬಂದೇ ಬರುತ್ತದೆ. ಹಾಗೆ ಅಭ್ಯಾಸವಾದಂತೆ ಮಿದುಳು ಹೊಂದಿಕೊಳ್ಳುತ್ತದೆ. ಒಳಗಿವಿಯ ಸುಣ್ಣದ ಹರಳುಗಳು ನಾಳದೊಳಗೆ ಜಾರಿದ್ದರೆ ಚಿಕಿತ್ಸೆ ಬೇರೆ. ತಲೆಯನ್ನು ನಿರ್ದಿಷ್ಟ ಕ್ರಮದಲ್ಲಿ ತಿರುಗಿಸಿ ಅವನ್ನು ಮರಳಿ ಜಾಗಕ್ಕೆ ತರುತ್ತಾರೆ. ಯಾವ ಕಿವಿ, ಯಾವ ನಾಳ ಎಂದು ತಿಳಿಯದೆ ವಿಡಿಯೊ ನೋಡಿ ಕತ್ತು ತಿರುಗಿಸಬೇಡಿ. ಬಳ್ಳಾರಿಯವರಾದರೆ ಕಂಟೋನ್ಮೆಂಟ್‌ನಲ್ಲಿರುವ, ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಂಥ ಕಡೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲಿನ ಬಲ ಕುಂದಿದರೆ, ಎರಡೆರಡು ಕಂಡರೆ ಅದು ಪಾರ್ಶ್ವವಾಯು ಇರಬಹುದು. ಆಗ ಶರಬತ್ತೂ ಬೇಡ, ವ್ಯಾಯಾಮವೂ ಬೇಡ. ಕೂಡಲೇ 108ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮೊದಲು ಮಾಡಿ.