ಪ್ರೆಗ್ನೆನ್ಸಿ ಕಿಟ್‌ನಲ್ಲಿ ಇಲಿಯ ಕ್ಯಾನ್ಸರ್ ಕೋಶ ಇದೆಯೇ? ಕೋಹ್ಲರ್ ಕಥೆ ಓದಿ

ಜಯನಗರದ ಯಾವುದೇ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಗೆರೆ ಮೂಡಿಸುವುದು ಮೊನೊಕ್ಲೋನಲ್ ಆ್ಯಂಟಿಬಾಡಿ. ಅದರ ಮೂಲ ಇಲಿಯ ಕ್ಯಾನ್ಸರ್ ಕೋಶ ಎಂದು ಯಾರಾದರೂ ಹೇಳಿದರೆ ಅದು ಅರ್ಧ ನಿಜ. ಕಿಟ್‌ನಲ್ಲಿರುವುದು ಶುದ್ಧೀಕರಿಸಿದ ಪ್ರೋಟೀನ್ ಮಾತ್ರ, ಕೋಶ ಇರುವುದಿಲ್ಲ. ಹೆದರಬೇಕಾಗಿಲ್ಲ.

ಈ ವಿಧಾನ ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಜಾರ್ಜ್ ಕೋಹ್ಲರ್. 1946ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದವರು. 1974ರಲ್ಲಿ ಪಿಎಚ್‌ಡಿ ಮುಗಿಸಿ ಕೇಂಬ್ರಿಡ್ಜ್‌ನ ಎಂಆರ್‌ಸಿ ಪ್ರಯೋಗಾಲಯಕ್ಕೆ, ಸೀಸರ್ ಮಿಲ್‌ಸ್ಟೀನ್ ಬಳಿಗೆ ಹೋದರು. ಆಗ ಇದ್ದ ತೊಡಕು ಇದು: ಒಂದು ಬಿ ಕೋಶ ಒಂದೇ ಬಗೆಯ ಆ್ಯಂಟಿಬಾಡಿ ಮಾಡುತ್ತದೆ, ಆದರೆ ದೇಹದಿಂದ ಹೊರತೆಗೆದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕ್ಯಾನ್ಸರ್ ಕೋಶಕ್ಕೆ ಸಾವೇ ಇಲ್ಲ. ಕೋಹ್ಲರ್ ಎರಡನ್ನೂ ಬೆಸೆದರು. ಒಂದರ ಕಸುಬು, ಇನ್ನೊಂದರ ಆಯಸ್ಸು!

ಫಲಿತಾಂಶ ನೋಡಲು ನೆಲಮಾಳಿಗೆಗೆ ಹೋಗುವಾಗ, ಬೇಜಾರಾದೀತೆಂದು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದರಂತೆ. ತಟ್ಟೆಯ ತುಂಬ ಉಂಗುರದಂಥ ಗುರುತುಗಳಿದ್ದವು. ಪ್ರಯೋಗ ಗೆದ್ದಿತ್ತು. ಆಗಸ್ಟ್ 1975ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪೇಟೆಂಟ್ ಮಾತ್ರ ಆಗಲಿಲ್ಲ. ಇದನ್ನು ತ್ಯಾಗದ ಕಥೆ ಮಾಡಿ ಫಾರ್ವರ್ಡ್ ಮಾಡಬೇಡಿ. ಮಿಲ್‌ಸ್ಟೀನ್ ವಿಷಯ ತಿಳಿಸಿದ್ದರು. ತಕ್ಷಣದ ಉಪಯೋಗ ಕಾಣಲಿಲ್ಲವೆಂದು ಬ್ರಿಟನ್ನಿನ ಸರ್ಕಾರಿ ಸಂಸ್ಥೆಯೇ ಕೈಬಿಟ್ಟಿತು.

1984ರಲ್ಲಿ ಕೋಹ್ಲರ್, ಮಿಲ್‌ಸ್ಟೀನ್ ಮತ್ತು ನೀಲ್ಸ್ ಯೆರ್ನೆಗೆ ನೊಬೆಲ್ ಬಂತು. ಅದೇ ವರ್ಷ ಅದೇ ಕೇಂಬ್ರಿಡ್ಜ್‌ನಲ್ಲಿ ರಾಬ್ ವೈಟ್ ಮತ್ತು ಮೈಕೆಲ್ ವಿಲ್‌ಕಾಕ್ಸ್ ಈ ವಿಧಾನವನ್ನು ಹಣ್ಣಿನ ನೊಣದ ಮೇಲೆ ಬಳಸಿದರು. ಬಾಳೆಹಣ್ಣು ಕಳಿತರೆ ನಮ್ಮ ಅಡುಗೆಮನೆಯಲ್ಲಿ ಸುಳಿದಾಡುತ್ತದಲ್ಲ, ಅದೇ ಜಾತಿಯ ನೊಣ. ಅದಕ್ಕೆ ಎರಡು ರೆಕ್ಕೆ. ಹಿಂದೆ ರೆಕ್ಕೆಯ ಬದಲು ತೋಲ ಕಾಯುವ ಎರಡು ಪುಟ್ಟ ಗುಂಡುಗಳು. ಅಲ್ಲಿ ರೆಕ್ಕೆ ಬೆಳೆಯದಂತೆ ತಡೆಯುವುದು ಯುಬಿಎಕ್ಸ್ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಬೇರೆ ಜೀನ್‌ಗಳನ್ನು ಆನ್-ಆಫ್ ಮಾಡುವ ಪ್ರೋಟೀನ್. ಅದು ಅಲ್ಲಿ ಕೆಲಸ ಮಾಡದಿದ್ದರೆ ನೊಣಕ್ಕೆ ನಾಲ್ಕು ರೆಕ್ಕೆ! ಆದರೆ ಬೆಳೆಯುತ್ತಿರುವ ಮರಿಯಲ್ಲಿ ಆ ಪ್ರೋಟೀನ್ ಎಲ್ಲೆಲ್ಲಿದೆ ಎಂದು ಕಣ್ಣಾರೆ ನೋಡಬೇಕಲ್ಲ? ಯುಬಿಎಕ್ಸ್‌ಗೆ ಮಾತ್ರ ಅಂಟುವ ಆ್ಯಂಟಿಬಾಡಿಗೆ ಬಣ್ಣ ಕಟ್ಟಿದರೆ, ಗುಂಡಾಗಲಿರುವ ಭಾಗದ ಕೋಶಕೇಂದ್ರಗಳು ಹೊಳೆಯುತ್ತವೆ, ರೆಕ್ಕೆಯಾಗಲಿರುವ ಭಾಗ ಕತ್ತಲಾಗಿಯೇ ಉಳಿಯುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಎಲ್. ಎಸ್. ಶಶಿಧರ ವರ್ಷಗಟ್ಟಲೆ ಸಂಶೋಧನೆ ಮಾಡಿರುವುದು ಇದೇ ಯುಬಿಎಕ್ಸ್ ಮೇಲೆ.

ಕೋಹ್ಲರ್ 1995ರಲ್ಲಿ, 48ನೇ ವಯಸ್ಸಿಗೇ ತೀರಿಕೊಂಡರು. ಆ ಯುಬಿಎಕ್ಸ್ ಆ್ಯಂಟಿಬಾಡಿ ಮಾಡುವ ಬೆಸುಗೆ ಕೋಶಗಳು ಅಮೆರಿಕದ ಅಯೋವಾದ ಕೋಶ ಬ್ಯಾಂಕಿನಲ್ಲಿ ಇವತ್ತಿಗೂ ಇವೆ.