ರಾಬರ್ಟ್ ಷೂಮನ್ನನ ಸಂಗೀತ ಪತ್ರಿಕೆ

ಒಳ್ಳೆಯ ಸಂಗೀತ ಬೆಳೆಯಬೇಕಾದರೆ ಒಳ್ಳೆಯ ಸಂಗೀತಗಾರನಿದ್ದರೆ ಸಾಲದು. ಅದನ್ನು ಅರಿತು ಆಲಿಸುವ ರಸಿಕರೂ ಬೇಕು. ಕಾಳನ್ನು ಜೊಳ್ಳಿನಿಂದ ಬೇರ್ಪಡಿಸಿ ತೋರಿಸುವ ವಿಮರ್ಶಕನೂ ಬೇಕು. ರಚನಕಾರನ ಪ್ರತಿಭೆ, ವಿಮರ್ಶಕನ ವಿವೇಕ ಇವೆರಡೂ ಒಬ್ಬನಲ್ಲೇ ಕೂಡಿಬರುವುದು ಅಪರೂಪ. ಅಂತಹ ಅಪರೂಪದ ವ್ಯಕ್ತಿಗಳಲ್ಲಿ ಜರ್ಮನಿಯ ರಾಬರ್ಟ್ ಷೂಮನ್ ಒಬ್ಬನು. ಅವನು ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಒಂದು ಸಂಗೀತ ಪತ್ರಿಕೆಯ ಕನಸು ಕಂಡನು, ಅದನ್ನು ನನಸಾಗಿಸಿದನು, ಹತ್ತು ವರ್ಷಗಳ ಕಾಲ ಹೆಗಲ ಮೇಲೆ ಹೊತ್ತು ನಡೆಸಿದನು.

ಷೂಮನ್ 1810ನೆಯ ಇಸವಿ ಜೂನ್ 8ರಂದು ಸ್ಯಾಕ್ಸನಿ ರಾಜ್ಯದ ತ್ಸ್ವಿಕಾವ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ತಂದೆ ಆಗಸ್ಟ್ ಷೂಮನ್ ಪುಸ್ತಕ ವ್ಯಾಪಾರಿ, ಪ್ರಕಾಶಕ ಮತ್ತು ಅನುವಾದಕ. ಇಂಗ್ಲಿಷ್ ಕವಿ ಬೈರನ್ನನ ಕೃತಿಗಳನ್ನು ಜರ್ಮನ್ ಭಾಷೆಗೆ ತಂದವರಲ್ಲಿ ಅವನೂ ಒಬ್ಬನು. ಹೀಗೆ ಬಾಲಕ ರಾಬರ್ಟನು ಪುಸ್ತಕಗಳ ನಡುವೆಯೇ ಬೆಳೆದನು. ಲೇಖನವು ಹಸ್ತಪ್ರತಿಯಾಗಿ ಬಂದು ಅಚ್ಚಾಗಿ ಓದುಗನ ಕೈಸೇರುವ ಬಗೆಯನ್ನು ಅವನು ಮನೆಯಲ್ಲಿಯೇ ಕಂಡನು. ಪ್ರಸಿದ್ಧ ಪುರುಷರ ಚಿತ್ರಗಳನ್ನೂ ಜೀವನ ವಿವರಗಳನ್ನೂ ಒಳಗೊಂಡ ಗ್ರಂಥವೊಂದನ್ನು ತಂದೆ ಪ್ರಕಟಿಸುತ್ತಿದ್ದಾಗ, ಹದಿನಾಲ್ಕರ ಹುಡುಗನಾಗಿದ್ದ ರಾಬರ್ಟನು ಅದರ ಬರವಣಿಗೆಯಲ್ಲಿ ನೆರವಾದನು. ಅದೇ ಕಾಲದಲ್ಲಿ ಪಿಯಾನೋ ಅಭ್ಯಾಸವೂ ನಡೆಯುತ್ತಿದ್ದಿತು. ಸಾಹಿತ್ಯ ಮತ್ತು ಸಂಗೀತ ಎರಡೂ ಅವನನ್ನು ಸಮನಾಗಿ ಸೆಳೆಯುತ್ತಿದ್ದುವು.

1826ರಲ್ಲಿ ತಂದೆ ತೀರಿಕೊಂಡನು. ಮಗನು ನ್ಯಾಯಶಾಸ್ತ್ರ ಓದಿ ನೆಮ್ಮದಿಯ ಬದುಕು ಸಾಗಿಸಲೆಂಬುದು ತಾಯಿಯ ಹಂಬಲ. ಅವಳ ಇಚ್ಛೆಗೆ ತಲೆಬಾಗಿ ಅವನು 1828ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾನಿಲಯವನ್ನೂ ಮರುವರ್ಷ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವನ್ನೂ ಸೇರಿದನು. ಆದರೆ ಮನಸ್ಸು ಕಾನೂನಿನ ಪುಸ್ತಕಗಳಲ್ಲಿ ನಿಲ್ಲಲಿಲ್ಲ. 1830ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಪಗನೀನಿಯ ಪಿಟೀಲು ವಾದನವನ್ನು ಕೇಳಿದ ಮೇಲಂತೂ ಸಂಗೀತವೇ ತನ್ನ ದಾರಿಯೆಂದು ಅವನಿಗೆ ನಿಶ್ಚಯವಾಯಿತು. ಲೈಪ್‌ಜಿಗ್ ನಗರದ ಹೆಸರಾಂತ ಪಿಯಾನೋ ಶಿಕ್ಷಕ ಫ್ರೀಡ್ರಿಷ್ ವೀಕ್‌ನ ಅಭಿಪ್ರಾಯವನ್ನು ಕೇಳುವಂತೆ ಅವನು ತಾಯಿಗೆ ಪತ್ರ ಬರೆದನು. ಶ್ರದ್ಧೆಯಿಂದ ದುಡಿದರೆ ಮೂರು ವರ್ಷಗಳಲ್ಲಿ ಇವನನ್ನು ಶ್ರೇಷ್ಠ ವಾದಕನನ್ನಾಗಿ ಮಾಡಬಹುದೆಂದು ವೀಕ್ ಉತ್ತರಿಸಿದನು. ತಾಯಿ ಅಳುಕುತ್ತಲೇ ಒಪ್ಪಿದಳು. ಷೂಮನ್ ಗುರುವಿನ ಮನೆಯಲ್ಲಿಯೇ ಉಳಿದು ಅಭ್ಯಾಸಕ್ಕೆ ತೊಡಗಿದನು.

ವಿಧಿ ಬೇರೊಂದನ್ನು ಬಗೆದಿತ್ತು. ಬೇಗ ಪರಿಣತನಾಗಬೇಕೆಂಬ ಆತುರದಲ್ಲಿ ಅವನು ಮಿತಿಮೀರಿ ಸಾಧನೆ ಮಾಡಿದನು. ಬೆರಳುಗಳನ್ನು ಪಳಗಿಸಲು ಒಂದು ಯಾಂತ್ರಿಕ ಸಾಧನವನ್ನೂ ಬಳಸಿದನು. ಅದರಿಂದಲೋ ಬೇರೆ ಕಾರಣದಿಂದಲೋ 1832ರ ವೇಳೆಗೆ ಬಲಗೈಯ ಬೆರಳು ಸ್ವಾಧೀನ ತಪ್ಪಿತು. ಚಿಕಿತ್ಸೆಗಳಾವುವೂ ಫಲ ಕೊಡಲಿಲ್ಲ. ವಾದಕನಾಗುವ ಆಸೆ ಅಲ್ಲಿಗೆ ಮುಗಿಯಿತು. ಅವನಿಗೆ ಉಳಿದುದು ಲೇಖನಿಯೊಂದೇ. ಸ್ವರಗಳನ್ನು ಬರೆಯುವುದು ಮತ್ತು ಸ್ವರಗಳನ್ನು ಕುರಿತು ಬರೆಯುವುದು, ಈ ಎರಡಕ್ಕೂ ಅವನು ಅದನ್ನು ಮೀಸಲಿಟ್ಟನು.

ಲೇಖನಿಯ ಶಕ್ತಿ ಅಷ್ಟರಲ್ಲಾಗಲೇ ಪ್ರಕಟವಾಗಿದ್ದಿತು. ಪೋಲೆಂಡಿನ ಶೋಪಾನ್ ಷೂಮನ್ನನ ಸಮವಯಸ್ಕನು. ಜರ್ಮನಿಯಲ್ಲಿ ಆಗಿನ್ನೂ ಹೆಚ್ಚು ಹೆಸರಾಗಿರಲಿಲ್ಲ. ಅವನ ಎರಡನೆಯ ಕೃತಿಯನ್ನು ಕಂಡು ಬೆರಗಾದ ಷೂಮನ್ 1831ರ ಡಿಸೆಂಬರಿನಲ್ಲಿ ಅದರ ವಿಮರ್ಶೆಯನ್ನು ಪ್ರಕಟಿಸಿದನು. ಅದು ವಾಡಿಕೆಯ ಶುಷ್ಕ ವಿಮರ್ಶೆಯಾಗಿರಲಿಲ್ಲ. ಗೆಳೆಯರು ಕೆಲವರು ಕೂಡಿ ಆ ಕೃತಿಯನ್ನು ನುಡಿಸಿ, ಬೆರಗಾಗಿ, ಚರ್ಚಿಸುವ ಒಂದು ಪುಟ್ಟ ಕಥೆಯ ರೂಪದಲ್ಲಿದ್ದಿತು. ಅಜ್ಞಾತ ತರುಣನೊಬ್ಬನು ಮತ್ತೊಬ್ಬ ತರುಣನನ್ನು ಪ್ರತಿಭಾಶಾಲಿಯೆಂದು ಸಾರಿದ ಆ ಲೇಖನ ಸಂಗೀತ ವಿಮರ್ಶೆಯ ಚರಿತ್ರೆಯಲ್ಲಿ ಪ್ರಸಿದ್ಧವಾಯಿತು. ಅದು ಅಚ್ಚಾದುದು ಲೈಪ್‌ಜಿಗ್‌ನಲ್ಲಿ 1798ರಿಂದ ನಡೆದುಬಂದಿದ್ದ ಹಿರಿಯ ಸಂಗೀತ ಪತ್ರಿಕೆಯಲ್ಲಿ. ಆದರೆ ಸಂಪಾದಕ ಫಿಂಕನಿಗೆ ಈ ಹೊಸ ಧಾಟಿ ರುಚಿಸಿರಲಾರದು. ಅದೇ ಕೃತಿಯನ್ನು ಕುರಿತು ಹಳೆಯ ಮಾದರಿಯ ಇನ್ನೊಂದು ವಿಮರ್ಶೆಯನ್ನೂ ಅವನು ಪಕ್ಕದಲ್ಲಿಯೇ ಅಚ್ಚುಹಾಕಿಸಿದನು.

ಆ ಕಾಲದ ಸಂಗೀತದ ಸ್ಥಿತಿ ಹೇಗಿದ್ದಿತು? ವೇಬರ್ 1826ರಲ್ಲಿ, ಬೀಥೋವನ್ 1827ರಲ್ಲಿ, ಷೂಬರ್ಟ್ 1828ರಲ್ಲಿ ಗತಿಸಿದ್ದರು. ಅವರ ಸ್ಥಾನವನ್ನು ತುಂಬುವವರು ಯಾರೆಂಬುದು ತಿಳಿಯದೆ ಒಂದು ಶೂನ್ಯ ಆವರಿಸಿದ್ದಿತು. ಬೆರಳುಗಳ ಚಮತ್ಕಾರವನ್ನೇ ಮೆರೆಸುವ, ಭಾವದ ಆಳವಿಲ್ಲದ ಪಿಯಾನೋ ರಚನೆಗಳು ಮನೆಮನೆಯಲ್ಲಿ ಮೊಳಗುತ್ತಿದ್ದುವು. ಇಂತಹ ಸಂದರ್ಭದಲ್ಲಿ ತಿದ್ದಬೇಕಾಗಿದ್ದ ಪತ್ರಿಕೆಗಳು ಹೆಚ್ಚಾಗಿ ಹೊಗಳುತ್ತಲೇ ಇದ್ದುವು. ಅದಕ್ಕೆ ಕಾರಣವೂ ಇಲ್ಲದಿರಲಿಲ್ಲ. ಸಂಗೀತ ಕೃತಿಗಳನ್ನು ಅಚ್ಚು ಮಾಡಿ ಮಾರುತ್ತಿದ್ದ ಪ್ರಕಾಶಕರೇ ಪತ್ರಿಕೆಗಳ ಒಡೆಯರೂ ಆಗಿದ್ದರು. ಅಂಗಡಿಯ ಸರಕನ್ನು ಅಂಗಡಿಯವನೇ ತೂಗಿದರೆ ತಕ್ಕಡಿ ಯಾವ ಕಡೆಗೆ ವಾಲುವುದೆಂದು ಹೇಳಬೇಕಾಗಿಲ್ಲ.

ಲೈಪ್‌ಜಿಗ್ ನಗರದ ಒಂದು ಕಾಫಿ ಮನೆಯಲ್ಲಿ ಪ್ರತಿಸಂಜೆ ಕೆಲವು ತರುಣರು ಸೇರುತ್ತಿದ್ದರು. ಸಂಗೀತದ ಈ ದುರವಸ್ಥೆಯೇ ಅವರ ಮಾತಿನ ವಸ್ತು. ಬರಿದೆ ಕೊರಗಿ ಫಲವೇನು, ತಾವೇ ಏಕೆ ಒಂದು ಪತ್ರಿಕೆಯನ್ನು ಹೊರಡಿಸಬಾರದು ಎಂಬ ಆಲೋಚನೆ ಅಲ್ಲಿ ಮೊಳೆಯಿತು. 1833ರ ಬೇಸಗೆಯಲ್ಲಿ ಷೂಮನ್ ಈ ಯೋಜನೆಯನ್ನು ತಾಯಿಗೆ ಬರೆದು ತಿಳಿಸಿದನು. ಹಾಫ್‌ಮೈಸ್ಟರ್ ಎಂಬ ಪ್ರಕಾಶಕನು ಮುಂದೆ ಬರುವನೆಂದೂ, ಪತ್ರಿಕೆಯ ಉದ್ದೇಶಗಳನ್ನು ಸಾರುವ ಪ್ರಕಟಣೆ ಬೇಗನೆ ಹೊರಡುವುದೆಂದೂ ಅವನು ನಂಬಿದ್ದನು. ಆದರೆ ಆ ಮಾತುಕತೆ ಕೈಗೂಡಲಿಲ್ಲ. ಹೆಸರಿಲ್ಲದ ಹುಡುಗರು, ಕೈಯಲ್ಲಿ ಹಣವಿಲ್ಲ. ಎದುರಿಗೆ ಮೂವತ್ತೈದು ವರ್ಷ ಬೇರೂರಿದ ಹಿರಿಯ ಪತ್ರಿಕೆ. ಇವರನ್ನು ನಂಬಿ ಬಂಡವಾಳ ಹೂಡುವವರು ಸುಲಭವಾಗಿ ದೊರೆಯುವಂತಿರಲಿಲ್ಲ.

ಇಷ್ಟರಲ್ಲಿ ಕಷ್ಟಗಳು ಒಂದರ ಹಿಂದೊಂದು ಬಂದುವು. ಆ ವರ್ಷ ಅಕ್ಟೋಬರಿನಲ್ಲಿ ಅವನ ಅಚ್ಚುಮೆಚ್ಚಿನ ಅತ್ತಿಗೆ ರೊಸಾಲಿ ತೀರಿಕೊಂಡಳು. ನವೆಂಬರಿನಲ್ಲಿ ಅಣ್ಣ ಯೂಲಿಯಸ್ ಮರಣ ಹೊಂದಿದನು. ಷೂಮನ್ ದಿಗ್ಭ್ರಾಂತನಾದನು. ತನಗೆ ಬುದ್ಧಿಭ್ರಮೆಯಾಗುವುದೆಂಬ ಭೀತಿ ಅವನನ್ನು ಹಗಲಿರುಳು ಕಾಡಿತು. ಎತ್ತರದ ಅಂತಸ್ತಿನ ಕೋಣೆಯಲ್ಲಿರಲು ಹೆದರಿ ಕೆಳಗಿನ ಅಂತಸ್ತಿಗೆ ವಾಸವನ್ನು ಬದಲಾಯಿಸಿದನು. ಅಂತಹ ಕತ್ತಲೆಯಲ್ಲಿ ಲುಡ್ವಿಗ್ ಷುಂಕೆ ಎಂಬ ತರುಣ ಪಿಯಾನೋ ವಾದಕನು ಲೈಪ್‌ಜಿಗ್‌ಗೆ ಬಂದು ಅವನ ಪ್ರಾಣಮಿತ್ರನಾದನು. ಆ ಸ್ನೇಹದ ಆಸರೆಯಲ್ಲಿ ಷೂಮನ್ ಚೇತರಿಸಿಕೊಂಡನು. ಪತ್ರಿಕೆಯ ಯೋಜನೆಯೂ ಮತ್ತೆ ಜೀವ ತಳೆಯಿತು.

ಕೊನೆಗೆ ಹಾರ್ಟ್‌ಮನ್ ಎಂಬ ಪುಸ್ತಕ ವ್ಯಾಪಾರಿ ಪ್ರಕಾಶಕನಾಗಲು ಒಪ್ಪಿದನು. 1834ರ ಏಪ್ರಿಲ್ 3ರಂದು ಮೊದಲ ಸಂಚಿಕೆ ಹೊರಬಿದ್ದಿತು. 'ಹೊಸ ಲೈಪ್‌ಜಿಗ್ ಸಂಗೀತ ಪತ್ರಿಕೆ' ಎಂಬುದು ಅದರ ಹೆಸರಿನ ಅರ್ಥ. ಕಲಾವಿದರ ಮತ್ತು ಕಲಾಪ್ರಿಯರ ಸಂಘವೊಂದು ಅದನ್ನು ಹೊರಡಿಸುತ್ತಿದೆಯೆಂದು ಮುಖಪುಟದಲ್ಲಿ ಅಚ್ಚಾಗಿದ್ದಿತು. ವೀಕ್, ಷುಂಕೆ, ಯೂಲಿಯಸ್ ಕ್ನೋರ್ ಮತ್ತು ಷೂಮನ್, ಈ ನಾಲ್ವರು ಸಂಪಾದಕ ವರ್ಗದವರು. ವಾರಕ್ಕೆ ಎರಡು ಸಂಚಿಕೆಗಳು; ಪ್ರತಿ ಸಂಚಿಕೆಗೂ ನಾಲ್ಕು ಪುಟಗಳು. ಹೊಸ ಕೃತಿಗಳ ವಿಮರ್ಶೆ, ಸಂಗೀತ ಕುರಿತ ಲೇಖನಗಳು, ಹೊರಊರುಗಳ ವರದಿಗಳು ಇವೆಲ್ಲವನ್ನೂ ಆ ಚಿಕ್ಕ ಜಾಗದಲ್ಲಿ ಹೊಂದಿಸಬೇಕಾಗಿದ್ದಿತು.

ಆರಂಭದ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ವೀಕ್ ಮಗಳು ಕ್ಲಾರಾಳ ಕಚೇರಿಗಳಿಗಾಗಿ ಊರೂರು ಸುತ್ತುತ್ತಿದ್ದನು. ಕ್ನೋರ್ ಕಾಯಿಲೆ ಬಿದ್ದನು. ಷುಂಕೆಗೆ ಪಿಯಾನೋ ಒಲಿದಂತೆ ಲೇಖನಿ ಒಲಿದಿರಲಿಲ್ಲ. ನಾಲ್ವರ ಕೆಲಸ ಒಬ್ಬನ ಮೇಲೆ ಬಿದ್ದಿತು. ಸಾಲದುದಕ್ಕೆ ಪ್ರಕಾಶಕನೊಡನೆ ಮನಸ್ತಾಪ ಹುಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಷುಂಕೆ ಕ್ಷಯರೋಗಕ್ಕೆ ತುತ್ತಾಗಿ, ಇಪ್ಪತ್ತನಾಲ್ಕು ತುಂಬುವ ಮುನ್ನವೇ ಕಣ್ಮುಚ್ಚಿದನು. ಒಂದು ವರ್ಷ ತುಂಬುವ ಮೊದಲೇ ಪತ್ರಿಕೆ ನಿಂತುಹೋಗುವ ಸ್ಥಿತಿ ಒದಗಿತು. ಬಿಡುವುದೋ, ಒಬ್ಬನೇ ಹೊರುವುದೋ ಎಂಬ ಪ್ರಶ್ನೆ ಷೂಮನ್ನನ ಮುಂದೆ ನಿಂತಿತು. ಅವನು ಹೊರುವುದನ್ನೇ ಆರಿಸಿಕೊಂಡನು. ಪತ್ರಿಕೆಯ ಒಡೆತನವನ್ನು ತಾನೇ ಪಡೆದು, ಹೊಸ ಪ್ರಕಾಶಕನನ್ನು ಗೊತ್ತುಮಾಡಿಕೊಂಡು, 1835ರಿಂದ 'ಹೊಸ ಸಂಗೀತ ಪತ್ರಿಕೆ' ಎಂಬ ಹೆಸರಿನಲ್ಲಿ ಮುಂದುವರಿಸಿದನು.

ಆ ವರ್ಷದ ಮೊದಲಲ್ಲಿ ಅವನು ಪತ್ರಿಕೆಯ ಧ್ಯೇಯವನ್ನು ಸ್ಪಷ್ಟಪಡಿಸಿದನು. ಹಿಂದಿನ ಮಹಾಕೃತಿಗಳನ್ನು ನೆನಪಿಗೆ ತರುವುದು ಮೊದಲನೆಯದು. ಬರಿಯ ಕೈಚಳಕವನ್ನೇ ಕಲೆಯೆಂದು ಬಗೆದ ಇತ್ತೀಚಿನ ಪ್ರವೃತ್ತಿಯನ್ನು ಎದುರಿಸುವುದು ಎರಡನೆಯದು. ಕಾವ್ಯಮಯವಾದ ಹೊಸ ಯುಗಕ್ಕೆ ಹಾದಿಯನ್ನು ಹದಗೊಳಿಸುವುದು ಮೂರನೆಯದು. ಹಳತನ್ನು ಗೌರವಿಸಿಯೇ ಹೊಸತನ್ನು ಸ್ವಾಗತಿಸಬೇಕೆಂಬುದು ಅವನ ನಿಲುವು. ಈ ನಿಲುವಿಗೆ ತಕ್ಕಂತೆ ಬಾಖ್‌ನ ಸಮಗ್ರ ಕೃತಿಗಳನ್ನು ಪ್ರಕಟಿಸಬೇಕೆಂದು ಅವನು ಪತ್ರಿಕೆಯಲ್ಲಿ ಒತ್ತಾಯಿಸಿದನು. ಮುಂದೆ 1850ರಲ್ಲಿ ಅದಕ್ಕಾಗಿ ಸಂಘವೊಂದು ಸ್ಥಾಪನೆಯಾದಾಗ ಸ್ಥಾಪಕರಲ್ಲಿ ಅವನೂ ಇದ್ದನು. 1838ರಿಂದ ಪತ್ರಿಕೆಯೊಡನೆ ಹಳೆಯ ಹಾಗೂ ಹೊಸ ರಚನೆಗಳ ಸ್ವರಲಿಪಿಯನ್ನೂ ಅನುಬಂಧವಾಗಿ ಕೊಡತೊಡಗಿದನು. ಇದರಿಂದ ಓದುಗನು ಓದಿದುದನ್ನು ನುಡಿಸಿಯೂ ನೋಡುವಂತಾಯಿತು.

ಷೂಮನ್ನನ ವಿಮರ್ಶೆಯ ರೀತಿಯೂ ವಿಶಿಷ್ಟವಾದುದು. ಅವನು ಕೆಲವು ಕಲ್ಪಿತ ಪಾತ್ರಗಳನ್ನು ಸೃಷ್ಟಿಸಿ ಅವರಿಂದ ಮಾತನಾಡಿಸುತ್ತಿದ್ದನು. ಫ್ಲೋರೆಸ್ಟಾನ್ ಆವೇಶದ ಸ್ವಭಾವದವನು. ಯೂಸೇಬಿಯಸ್ ಮೃದು ಮನಸ್ಸಿನ ಕನಸುಗಾರ. ಇಬ್ಬರ ವಾದವನ್ನೂ ತೂಗಿ ತೀರ್ಪು ಕೊಡುವವನು ಗುರು ರಾರೋ. ಮೊದಲಿಬ್ಬರೂ ಷೂಮನ್ನನ ಮನಸ್ಸಿನ ಎರಡು ಮುಖಗಳೇ. ಬೈಬಲಿನ ಡೇವಿಡ್ ರಾಜನು ಫಿಲಿಸ್ಟೈನರೆಂಬ ಶತ್ರುಗಳನ್ನು ಎದುರಿಸಿದಂತೆ ಇವರೆಲ್ಲರೂ ರಸಹೀನತೆಯನ್ನು ಎದುರಿಸುವ 'ಡೇವಿಡ್ ಬಳಗ'ದವರು. ಒಂದು ಕೃತಿಯನ್ನು ಹಲವು ಕಣ್ಣುಗಳಿಂದ ನೋಡಲು ಈ ಉಪಾಯದಿಂದ ಸಾಧ್ಯವಾಯಿತು. ಈ ಪಾತ್ರಗಳು ಪತ್ರಿಕೆಯಿಂದ ಅವನ ಸಂಗೀತಕ್ಕೂ ಕಾಲಿಟ್ಟುವು. 'ಕಾರ್ನಿವಲ್' ಎಂಬ ಅವನ ಪಿಯಾನೋ ಕೃತಿಯಲ್ಲಿ ಫ್ಲೋರೆಸ್ಟಾನ್, ಯೂಸೇಬಿಯಸ್, ಶೋಪಾನ್ ಇವರ ಸ್ವರಚಿತ್ರಗಳಿವೆ. ಡೇವಿಡ್ ಬಳಗದ ನಡೆಯಿಂದ ಅದು ಮುಕ್ತಾಯವಾಗುತ್ತದೆ.

ಮೆಚ್ಚುವಾಗ ಅವನದು ತುಂಬು ಹೃದಯ. ಆದರೆ ಕುರುಡು ಮೆಚ್ಚುಗೆಯಲ್ಲ. ಫ್ರಾನ್ಸಿನ ಬರ್ಲಿಯೋಜನು ರಚಿಸಿದ ವಿಲಕ್ಷಣ ಸಿಂಫನಿಯೊಂದನ್ನು ಕುರಿತು 1835ರಲ್ಲಿ ಅವನು ದೀರ್ಘವಾದ ವಿಮರ್ಶೆ ಬರೆದನು. ವಾದ್ಯವೃಂದದಲ್ಲಿ ಅದನ್ನು ಕೇಳುವ ಅವಕಾಶ ಅವನಿಗೆ ದೊರೆತಿರಲಿಲ್ಲ. ಲಿಸ್ಟ್ ಸಿದ್ಧಪಡಿಸಿದ್ದ ಪಿಯಾನೋ ರೂಪಾಂತರವನ್ನು ಮುಂದಿಟ್ಟುಕೊಂಡು, ಕೃತಿಯ ರಚನೆಯನ್ನು ಭಾಗಭಾಗವಾಗಿ ಬಿಡಿಸಿ ಪರೀಕ್ಷಿಸಿದನು. ಇನ್ನೊಂದು ಕಡೆ, ಐರೋಪ್ಯ ನಾಟಕಶಾಲೆಗಳಲ್ಲಿ ಜಯಭೇರಿ ಹೊಡೆಯುತ್ತಿದ್ದ ಮೇಯರ್‌ಬೀರ್‌ನ ಸಂಗೀತ ನಾಟಕವನ್ನು 1837ರಲ್ಲಿ ಕಟುವಾಗಿ ಖಂಡಿಸಿದನು. ಜನಪ್ರಿಯತೆಗೆ ಅಂಜಿ ತನ್ನ ಅಭಿಪ್ರಾಯವನ್ನು ಮುಚ್ಚಿಡುವುದು ಅವನಿಗೆ ಒಗ್ಗದ ಮಾತು.

ಈ ನಡುವೆ ಷೂಮನ್ ಮತ್ತು ಕ್ಲಾರಾ ಪರಸ್ಪರ ಒಲಿದಿದ್ದರು. ಕ್ಲಾರಾ ಆಗಲೇ ಯೂರೋಪಿನಲ್ಲಿ ಕೀರ್ತಿ ಗಳಿಸಿದ್ದ ವಾದಕಿ. ಅವಳ ತಂದೆ ಈ ಸಂಬಂಧವನ್ನು ಉಗ್ರವಾಗಿ ವಿರೋಧಿಸಿದನು. ಹೆಚ್ಚಿನ ವರಮಾನ ದೊರೆತೀತೆಂಬ ಆಸೆಯಿಂದ ಷೂಮನ್ 1838ರ ಶರತ್ಕಾಲದಲ್ಲಿ ಪತ್ರಿಕೆಯನ್ನು ವಿಯನ್ನಾ ನಗರಕ್ಕೆ ವರ್ಗಾಯಿಸುವ ಯೋಜನೆ ಹೊತ್ತು ಅಲ್ಲಿಗೆ ತೆರಳಿದನು. ಅಲ್ಲಿ ಎಲ್ಲ ಬರಹವೂ ಸರಕಾರದ ಪರಿಶೀಲನಾಧಿಕಾರಿಗಳ ಕಣ್ಣನ್ನು ದಾಟಬೇಕಾಗಿದ್ದಿತು. ಕಚೇರಿಯಿಂದ ಕಚೇರಿಗೆ ಅಲೆದು, ಅಧಿಕಾರಿಗಳಿಗೂ ಪ್ರಕಾಶಕರಿಗೂ ಯೋಜನೆಯನ್ನು ವಿವರಿಸಿ ತಿಂಗಳುಗಟ್ಟಲೆ ಕಾದರೂ ಅನುಮತಿ ಸಿಗಲಿಲ್ಲ. 1839ರ ಏಪ್ರಿಲಿನಲ್ಲಿ ಅವನು ಬರಿಗೈಯಲ್ಲಿ ಹಿಂದಿರುಗಿದನು.

ಬರಿಗೈಯೆಂದು ಹೇಳುವುದೂ ಸಲ್ಲದು. ಷೂಬರ್ಟ್ ಗತಿಸಿ ಹತ್ತು ವರ್ಷ ಕಳೆದಿದ್ದಿತು. ಅವನ ಅಣ್ಣ ಫರ್ಡಿನಾಂಡನನ್ನು ಷೂಮನ್ ವಿಯನ್ನಾದಲ್ಲಿ ಕಂಡನು. ಆ ಮನೆಯಲ್ಲಿದ್ದ ಹಸ್ತಪ್ರತಿಗಳ ರಾಶಿಯಲ್ಲಿ ಸಿ ಮೇಜರ್ ಶ್ರುತಿಯ ಒಂದು ಬೃಹತ್ ಸಿಂಫನಿ ದೊರೆಯಿತು. ಷೂಮನ್ ಅದನ್ನು ಲೈಪ್‌ಜಿಗ್‌ಗೆ ಕಳುಹಿಸುವ ಏರ್ಪಾಡು ಮಾಡಿದನು. 1839ರ ಮಾರ್ಚ್ 21ರಂದು ಮೆಂಡೆಲ್ಸನ್ನನ ನಿರ್ದೇಶನದಲ್ಲಿ ಅದು ಮೊಳಗಿತು. ವಿಯನ್ನಾದಲ್ಲಿಯೇ ಇದ್ದ ಷೂಮನ್ ಆ ದಿನ ಅದನ್ನು ಕೇಳಲಾಗಲಿಲ್ಲ. ವರ್ಷದ ಕೊನೆಯಲ್ಲಿ ಅದರ ಅಭ್ಯಾಸ ನಡೆದಾಗ ಕೇಳಿ ಧನ್ಯನಾದನು. 1840ರಲ್ಲಿ ತನ್ನ ಪತ್ರಿಕೆಯಲ್ಲಿ ಅದನ್ನು ಕುರಿತು ಬರೆದು ಲೋಕದ ಗಮನ ಸೆಳೆದನು.

1840ರಲ್ಲಿ ಯೇನಾ ವಿಶ್ವವಿದ್ಯಾನಿಲಯ ಅವನಿಗೆ ಡಾಕ್ಟರ್ ಪದವಿಯನ್ನಿತ್ತಿತು. ನ್ಯಾಯಾಲಯದ ಅನುಮತಿ ಪಡೆದು ಅದೇ ವರ್ಷ ಸೆಪ್ಟೆಂಬರ್ 12ರಂದು ಅವನು ಕ್ಲಾರಾಳನ್ನು ವಿವಾಹವಾದನು. ಆ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಗೀತೆಗಳಿಗೆ ಸಂಗೀತ ರಚಿಸಿದನು. ರಚನೆಯ ಹಂಬಲ ಹೆಚ್ಚಿದಂತೆಲ್ಲ ಪತ್ರಿಕೆಯ ಕೆಲಸ ಭಾರವಾಗತೊಡಗಿತು. ಕರಡಚ್ಚು ತಿದ್ದುವುದು, ಬಂದ ಪತ್ರಗಳಿಗೆ ಉತ್ತರಿಸುವುದು, ಲೇಖಕರನ್ನು ಎಚ್ಚರಿಸುವುದು ಇವುಗಳಲ್ಲಿಯೇ ದಿನ ಸವೆಯುತ್ತಿದ್ದಿತು. ಕೊನೆಗೆ 1844ರಲ್ಲಿ ಸಂಪಾದಕತ್ವವನ್ನು ಬಿಟ್ಟುಕೊಟ್ಟು, ಅದೇ ವರ್ಷ ಡ್ರೆಸ್ಡೆನ್ ನಗರಕ್ಕೆ ಹೋಗಿ ನೆಲೆಸಿದನು. ಪತ್ರಿಕೆ ಫ್ರಾನ್ಸ್ ಬ್ರೆಂಡೆಲ್‌ನ ಕೈಸೇರಿತು.

ಆ ಬಳಿಕ ಒಂಬತ್ತು ವರ್ಷಗಳ ಮೇಲೆ ಷೂಮನ್ ತಾನು ನೆಟ್ಟ ಪತ್ರಿಕೆಗೆ ಮತ್ತೊಂದು ಸ್ಮರಣೀಯ ಲೇಖನ ಬರೆದನು. ಆಗ ಅವನು ಡ್ಯೂಸೆಲ್‌ಡಾರ್ಫ್ ನಗರದ ಸಂಗೀತ ನಿರ್ದೇಶಕನಾಗಿದ್ದನು. 1853ರ ಶರತ್ಕಾಲದಲ್ಲಿ ಇಪ್ಪತ್ತರ ತರುಣನೊಬ್ಬನು ಮನೆಗೆ ಬಂದು ತನ್ನ ರಚನೆಗಳನ್ನು ನುಡಿಸಿ ತೋರಿಸಿದನು. ಅವನೇ ಜೊಹಾನೆಸ್ ಬ್ರಾಮ್ಸ್. ಷೂಮನ್ ತಡಮಾಡದೆ ಅಕ್ಟೋಬರ್ 28ರ ಸಂಚಿಕೆಯಲ್ಲಿ ಅವನನ್ನು ಲೋಕಕ್ಕೆ ಪರಿಚಯಿಸಿದನು. ಶೋಪಾನ್‌ನಿಂದ ತೊಡಗಿದ ವಿಮರ್ಶೆಯ ಕಾಯಕ ಬ್ರಾಮ್ಸ್‌ನಿಂದ ಪೂರ್ಣವಾಯಿತು.

ಯೌವನದಲ್ಲಿ ಹೆದರಿಸಿದ್ದ ಮನೋವ್ಯಾಧಿ ಇದೀಗ ಪ್ರಬಲವಾಯಿತು. 1854ರ ಫೆಬ್ರವರಿಯಲ್ಲಿ ಅವನು ರೈನ್ ನದಿಗೆ ಹಾರಿದನು, ಜನರು ಪಾರುಮಾಡಿದರು. ಬಾನ್ ನಗರದ ಬಳಿಯ ಎಂಡೆನಿಖ್ ಚಿಕಿತ್ಸಾಲಯದಲ್ಲಿ ಎರಡು ವರ್ಷಕ್ಕೂ ಮೀರಿ ನರಳಿ, 1856ರ ಜುಲೈ 29ರಂದು ಕೊನೆಯುಸಿರೆಳೆದನು. ಆಗ ಅವನಿಗೆ ನಲವತ್ತಾರು ವರ್ಷ. ಅವನ ಲೇಖನಗಳು 1854ರಲ್ಲಿಯೇ ನಾಲ್ಕು ಸಂಪುಟಗಳಾಗಿ ಅಚ್ಚಾಗಿದ್ದುವು.

ಷೂಮನ್ ಸ್ಥಾಪಿಸಿದ ಪತ್ರಿಕೆ ಹಲವು ಸಂಪಾದಕರನ್ನೂ ಪ್ರಕಾಶಕರನ್ನೂ ಕಂಡು ಇಪ್ಪತ್ತೊಂದನೆಯ ಶತಮಾನವನ್ನೂ ಮುಟ್ಟಿತು. ಬೆರಳು ಸೋತಾಗ ಅವನು ಸಂಗೀತವನ್ನು ತೊರೆಯಲಿಲ್ಲ. ಗೆಳೆಯರು ಚದುರಿದಾಗ ಹಿಡಿದ ಕೆಲಸವನ್ನು ಕೈಬಿಡಲಿಲ್ಲ. ತನ್ನ ಕೃತಿಗಳಿಗೆ ಮನ್ನಣೆ ಇನ್ನೂ ದೊರೆಯದಿದ್ದ ದಿನಗಳಲ್ಲಿ ಪರರ ಕೃತಿಗಳಿಗೆ ಮನ್ನಣೆ ದೊರಕಿಸಲು ಹೆಣಗಿದನು. ಇನ್ನೊಬ್ಬರ ಹಿರಿಮೆಯನ್ನು ಕಂಡು ಹಿಗ್ಗುವ ಗುಣವೇ ಅವನ ಹಿರಿಮೆಯ ಗುರುತಾಯಿತು.